ಅರ್ಧ ಖಾಲಿಯಾದ ಟ್ಯಾಂಕು

ನಮ್ಮ ಯಜಮಾನರು ಪ್ಲಂಬರ್. ಊರವರ ನಲ್ಲಿಯ ಸೋರಿಕೆಯನ್ನೆಲ್ಲ ನಿಲ್ಲಿಸಿದ ಮನುಷ್ಯನಿಗೆ ತನ್ನ ಬಾಟಲಿಯ ಬಿರಡೆ ಮುಚ್ಚಲು ಮಾತ್ರ ಕೈ ಬರಲಿಲ್ಲ. ಲಿವರ್ ಕಲ್ಲಾಯಿತು. ಹೊಟ್ಟೆಯಲ್ಲಿ ತುಂಬಿದ ನೀರು ಮೇಲಕ್ಕೆ ನುಸುಳಿ ಬಲ ಶ್ವಾಸಕೋಶದ ಸುತ್ತ ನಿಂತಿತು. ಉಪ್ಪು ಬಿಡಿಸಿದೆ, ಮಾತ್ರೆ ನುಂಗಿಸಿದೆ. ಆದರೂ ವಾರಕ್ಕೊಮ್ಮೆ ಬೆನ್ನಿಗೆ ಸೂಜಿ ಚುಚ್ಚಿಸಿ ನೀರು ತೆಗೆಸಲೇಬೇಕಿತ್ತು.

"ಒಂದು ಪೈಪು ಕೂರಿಸಿ, ವಾಲ್ವ್ ಹಾಕ್ಬಿಡಿ ಡಾಕ್ಟರಮ್ಮ. ಬೇಕಾದ್ರೆ ನಾನೇ ಹೇಳ್ಕೊಡ್ತೀನಿ," ಎಂದರು ಆ ಗುರುವಾರ.

"ಪೈಪು ಬಿಟ್ರೆ ಕೀವಾಗತ್ತೆ, ಮೈಯಲ್ಲಿರೋ ಸತ್ವ ಎಲ್ಲ ಸೋರಿಹೋಗತ್ತೆ. ಸೋಮವಾರ ನಿಮ್ಮ ತಮ್ಮನ ಲಿವರಿನ ತುಂಡು ಹಾಕ್ತೀವಲ್ಲ, ಅಲ್ಲೀವರೆಗೆ ತಡ್ಕೊಳ್ಳಿ."

ಇನ್ನು ನಾಲ್ಕೇ ದಿನ. ಅಷ್ಟು ದಾಟಿದರೆ ಗಂಡ ಉಳಿಯುತ್ತಾರೆ ಎಂದು ನಾನು ಜೀವ ಬಿಗಿಹಿಡಿದು ಕೂತಿದ್ದೆ.

ಬೆನ್ನಿನ ಸೂಜಿಯಿಂದ ಚೀಲಕ್ಕೆ ಒಂದೂವರೆ ಲೀಟರ್ ಇಳಿದದ್ದೇ ನರ್ಸ್ ಬೆನ್ನ ಬಳಿಯಿದ್ದ ಟ್ಯೂಬಿನ ತಿರುಪು ಮುಚ್ಚಿದಳು. "ಇವತ್ತಿಗೆ ಇಷ್ಟೇ. ಡಾಕ್ಟರನ್ನ ಕರ್ಕೊಂಡು ಬರ್ತೀನಿ, ಮುಟ್ಟಬೇಡಿ," ಎಂದು ಹೋದಳು.

ಯಜಮಾನರು ಮೇಜಿನ ಮೇಲೆ ಬಾಗಿಕೊಂಡೇ ಗೊಣಗಿದರು. "ಅರ್ಧ ಟ್ಯಾಂಕು ಖಾಲಿ ಮಾಡಿ ಯಾರಾದ್ರೂ ಎದ್ದು ಹೋಗ್ತಾರೇನೇ? ಇನ್ನೂ ಉಸಿರು ಸಿಕ್ತಿಲ್ಲ. ನನ್ನ ಕೈ ಬೆನ್ನ ಹಿಂದಕ್ಕೆ ಹೋಗಲ್ಲ, ನೀನೇ ತಿರುಗ್ಸು."

"ಸುಮ್ನಿರ್ರೀ. ಅವರಿಗೆ ಗೊತ್ತಿಲ್ವಾ?"

"ಮೂವತ್ತು ವರ್ಷ ಇದೇ ಕೆಲಸ ಮಾಡಿದೀನಿ, ನಂಗೆ ಗೊತ್ತಿಲ್ವಾ?"

ಅವರು ಕೇಳಿದ್ದಕ್ಕೆಲ್ಲ ಇಲ್ಲ ಎಂದೇ ಸಂಸಾರ ಮಾಡಿದವಳು ನಾನು. ಇನ್ನೊಂದೇ ಗುಟುಕು ಎಂದು ಅಂಗಲಾಚಿದಾಗ ಬಾಯಿಗೆ ಬಂದಂತೆ ಬೈದವಳು. ಅವತ್ತು ಎಲುಬು ಎದ್ದ ಆ ಬೆನ್ನು ನೋಡಿ ಇಲ್ಲ ಎನ್ನಲಾಗಲಿಲ್ಲ. ತಿರುಗಿಸಿದೆ.

ಹಳದಿ ನೀರು ಸರಾಗವಾಗಿ ಚೀಲಕ್ಕೆ ಇಳಿಯಿತು. ಎರಡು ಲೀಟರ್, ಎರಡೂವರೆ. "ಹಾಂ, ಈಗ ನೋಡು," ಎಂದು ಎಷ್ಟೋ ದಿನದ ಮೇಲೆ ನಕ್ಕರು. ನಾನು ಅವರ ತಲೆ ಸವರಿದೆ. ನರ್ಸ್ ಬೇಗ ಬಾರದಿರಲಿ ಎಂದುಕೊಂಡೆ.

ಆಮೇಲೆ ಕೆಮ್ಮು ಹತ್ತಿತು. ನಿಲ್ಲಲೇ ಇಲ್ಲ. ಬಾಯಲ್ಲಿ ನೊರೆ ಬಂತು. ಓಡಿಬಂದ ಡಾಕ್ಟರಮ್ಮ ಚೀಲ ನೋಡಿ ಹೌಹಾರಿದರು. "ಯಾರು ತಿರುಗಿಸಿದ್ದು? ಕುಗ್ಗಿದ್ದ ಶ್ವಾಸಕೋಶ ಒಮ್ಮೆಲೇ ಹಿಗ್ಗಿದ್ರೆ ಅದರೊಳಗೇ ನೀರು ತುಂಬತ್ತೆ!"

"ನಾನೇ," ಎಂದರು ಯಜಮಾನರು, ಕೆಮ್ಮಿನ ನಡುವೆ. ಅದೇ ಅವರ ಕೊನೆಯ ಮಾತು.

ಸೋಮವಾರ ಮೈದುನ ನನ್ನೆದುರು ಕೂತು ಕಣ್ಣೊರೆಸಿಕೊಂಡ. "ಅಣ್ಣ ಯಾವತ್ತು ಯಾರ ಮಾತು ಕೇಳಿದ್ದ ಅತ್ತಿಗೆ? ಕೊನೆಗೂ ಅವನ ಕೈ ಸುಮ್ನಿರಲಿಲ್ಲ ನೋಡಿ."

ಆ ಕೈ ಬೆನ್ನ ಹಿಂದಕ್ಕೆ ಹೋಗುತ್ತಿರಲಿಲ್ಲ ಎಂದು ನಾನು ಹೇಳಲಿಲ್ಲ.