ಏಳೂವರೆಯ ಸ್ವಿಚ್ಚು

ಆ ಮನೆಯ ಹೊರಬಾಗಿಲಿನ ದೀಪಕ್ಕೆ ಸ್ವಿಚ್ಚು ಇದ್ದದ್ದು ಯಜಮಾನರ ಮಂಚದ ತಲೆದೆಸೆಯಲ್ಲಿ. ಮನೆ ಕಟ್ಟಿಸುವಾಗ ಅವರೇ ಎದುರಿಗೆ ನಿಂತು ಅಲ್ಲಿ ಹಾಕಿಸಿಕೊಂಡಿದ್ದರು. ಸಂಜೆ ಏಳೂವರೆಗೆ ಟಕ್ ಎಂದು ಆರಿಸಿದರೆಂದರೆ ಮನೆಯವರೆಲ್ಲ ಒಳಗಿರಬೇಕು. ಇಲ್ಲದವರು ಕತ್ತಲೆಯಲ್ಲಿ ಮೂರು ಮೆಟ್ಟಿಲು ತಡವರಿಸಿ ಹತ್ತಿ, ಬಾಗಿಲು ತಟ್ಟಿ, ತಡವಾದದ್ದಕ್ಕೆ ಕಾರಣ ಹೇಳಿ, ಆ ಕಾರಣ ಅವರಿಗೆ ಒಪ್ಪಿಗೆಯಾಗುವ ತನಕ ಅಲ್ಲೇ ನಿಲ್ಲಬೇಕು. ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸಿದ ಮನುಷ್ಯ. ನಿವೃತ್ತಿಯಾದ ದಿನ ಕಾರ್ಖಾನೆಯವರು ಒಂದು ಗಡಿಯಾರ ಕೊಟ್ಟು ಕಳಿಸಿದರು, ಗೇಟನ್ನು ಅವರು ಕೆಲಸಕ್ಕೆ ಸೇರಿದಾಗಲೇ ಮನೆಗೆ ಹೊತ್ತು ತಂದಿದ್ದರು.

ಅವರ ಹೆಂಡತಿಗೆ ಸೊಸೆ ಬಂದ ಮೇಲೆ ಅತ್ತೆ ಎಂಬುದೇ ಹೆಸರಾಗಿ ಹೋಗಿತ್ತು. ಅತ್ತೆಯ ಅಪ್ಪನಿಗೆ ಮೋಟರ್ ವೈಂಡಿಂಗ್ ಅಂಗಡಿ ಇತ್ತು. ಸುಟ್ಟ ಮೋಟರಿನ ಹೊಟ್ಟೆ ಬಗೆದು, ಹಳೆ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೂರಿಸುವ ಕೆಲಸ. ಹುಡುಗಿ ಹನ್ನೆರಡು ವರ್ಷಕ್ಕೇ ಕೈ ಪಳಗಿಸಿಕೊಂಡವಳು. ಮದುವೆಯಾದ ಹೊಸದರಲ್ಲೂ ಅಂಗಡಿಗೆ ಹೋಗಿ ಬರುತ್ತಿದ್ದಳು. ಒಂದು ಸಂಜೆ ಯಾರದೋ ನೀರಿನ ಪಂಪು ಅರ್ಜೆಂಟು ಅಂತ ಕೂತವಳು ಮನೆ ಮುಟ್ಟುವಾಗ ಎಂಟಾಗಿತ್ತು. ದೀಪ ಆರಿತ್ತು. ಮೆಟ್ಟಿಲ ಮೇಲೆ ಒಂದು ಗಂಟೆ ನಿಂತಳು. ಮರುದಿನ ಅಂಗಡಿಗೆ ಹೋಗಲಿಲ್ಲ, ಆಮೇಲೆ ಯಾವತ್ತೂ ಹೋಗಲಿಲ್ಲ. ಅದನ್ನು ಯಾರಿಗೂ ಹೇಳಲೂ ಇಲ್ಲ. ನುಂಗಲಾರದ ತುತ್ತು, ಉಗುಳಲೂ ಆಗದ್ದು, ಮೂವತ್ತನಾಲ್ಕು ವರ್ಷ ಗಂಟಲಲ್ಲೇ ಇತ್ತು.

ಈಗ ಸೊಸೆಯ ಸರದಿ. ಅವಳಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಎಂಟಕ್ಕೆ ಬಿಡುತ್ತದೆ, ಎಂಟೂ ಕಾಲಿಗೆ ಮನೆ. ತಿಂಗಳಿಡೀ ದಿನಾ ಮೆಟ್ಟಿಲ ಮೇಲೆ ನಿಂತು ಅದೇ ಕಾರಣ ಹೇಳಿದ್ದಳು. ಮಗರಾಯ ಊರೂರು ತಿರುಗುವ ಲಾರಿ ಓಡಿಸುವವನು, ಫೋನಿನಲ್ಲಿ "ಅಪ್ಪನ ಹತ್ರ ಯಾರು ಮಾತಾಡ್ತಾರೆ" ಅಂದು ಕೈ ತೊಳೆದುಕೊಂಡ. ಕೊನೆಗೆ ಯಜಮಾನರು ಊಟದ ಮುಂದೆ ಕೂತು ತೀರ್ಪು ಕೊಟ್ಟರು, "ಒಂದನೇ ತಾರೀಖಿನಿಂದ ದೀಪ ಆರಿದ ಮೇಲೆ ಬಾಗಿಲು ತೆಗೆಯೋದಿಲ್ಲ. ಕೆಲಸ ಬೇಕೋ ಮನೆ ಬೇಕೋ ನೋಡ್ಕೊಳ್ಳಲಿ."

ಸೊಸೆ ಪಾತ್ರೆ ತೊಳೆಯುತ್ತಾ ಹೇಳಿದಳು, "ಹೋಗ್ಲಿ ಬಿಡಿ ಅತ್ತೆ. ತಿಂಗಳ ಕೊನೆಗೆ ಬಿಟ್ಬಿಡ್ತೀನಿ."

"ನಿನಗೆ ಬೇಜಾರಾಗಿದೆಯಾ ಆ ಕೆಲಸ?"

"ಬೇಜಾರಾ? ಮೈಕ್ರೋಸ್ಕೋಪಿನ ಮುಂದೆ ಕೂತರೆ ನನಗೆ ಹಸಿವೇ ನೆನಪಾಗಲ್ಲ."

"ಹಾಗಾದ್ರೆ ಬಾಯಿ ಮುಚ್ಕೊಂಡು ಹೋಗಿ ಬಾ. ನಾನು ಹೇಳೋ ತನಕ ಬಿಡೋ ಮಾತು ಎತ್ತಬೇಡ," ಅಂದಳು ಅತ್ತೆ. ಅಂದ ಮೇಲೆ ಅವಳಿಗೇ ತನ್ನ ದನಿ ಕೇಳಿ ಆಶ್ಚರ್ಯವಾಯಿತು. ಸಿಟ್ಟೋ ಸಿಟ್ಟು.

ಗಂಡನಿಗೆ ಬುದ್ಧಿ ಹೇಳುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದು ಅವಳಿಗೆ ಗೊತ್ತಿತ್ತು. ಬದಲಾಯಿಸಲು ಸಾಧ್ಯವಿದ್ದದ್ದು ಸ್ವಿಚ್ಚನ್ನು. ಅಡುಗೆಮನೆಯ ಬೋರ್ಡಿನಲ್ಲಿ ಅಲ್ಲಿನ ದೀಪದ ಸ್ವಿಚ್ಚಿನ ಪಕ್ಕ ಒಂದು ಖಾಲಿ ಸ್ವಿಚ್ಚು ಇತ್ತು, ಆದರೆ ಅದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದೀಪದ ಸ್ವಿಚ್ಚೇ ಇದೆಯಲ್ಲ, ಅದರಿಂದಲೇ ಹೊರಗಿನ ದೀಪವನ್ನೂ ಉರಿಸಿದರಾಯಿತು ಎಂದುಕೊಂಡಳು.

ಯಜಮಾನರು ಹತ್ತು ಗಂಟೆಗೆ ಪೇಪರ್ ಓದಲು ಗ್ರಂಥಾಲಯಕ್ಕೆ ಹೋದರೆ ಬರುವುದು ಊಟದ ಹೊತ್ತಿಗೆ. ಅತ್ತೆ ಮೇನ್ ಫ್ಯೂಸ್ ಕಿತ್ತು ಸ್ವೆಟರಿನ ಜೇಬಿಗೆ ಹಾಕಿಕೊಂಡಳು, ಸ್ಟೂಲು ಹತ್ತಿದಳು. ಹೊರಗಿನ ಹೋಲ್ಡರಿಗೆ ಬರುತ್ತಿದ್ದ ಹಳೆಯ ಕೆಂಪು, ಕಪ್ಪು ಎರಡೂ ತಂತಿ ಬಿಚ್ಚಿ ತುದಿಗೆ ಟೇಪ್ ಸುತ್ತಿದಳು. ಯಜಮಾನರ ಸ್ವಿಚ್ಚಿನ ಸಹವಾಸವೇ ಬೇಡ ಎಂಬ ಹಟ. ಅಡುಗೆಮನೆ ಸ್ವಿಚ್ಚಿನಿಂದ ಅಲ್ಲಿನ ಬಲ್ಬಿಗೆ ಹೋಗುವ ತಂತಿ ಬಿಚ್ಚಿದಳು. ಸ್ವಿಚ್ಚಿನಿಂದ ಹೊಸ ತಂತಿ ಎಳೆದು ಕಿಟಕಿಯ ಸಂದಿಯಿಂದ ಹೊರಗಿನ ಬಲ್ಬಿಗೆ ಕೊಟ್ಟಳು, ಅಲ್ಲಿಂದ ಇನ್ನೊಂದು ತಂತಿ ವಾಪಸ್ ತಂದು ಅಡುಗೆಮನೆಯ ಬಲ್ಬಿನ ತಂತಿಗೆ ಸೇರಿಸಿದಳು. ಒಂದರ ಬಾಲ ಇನ್ನೊಂದರ ತಲೆಗೆ. ವೈಂಡಿಂಗ್ ಮಾಡುವವರು ಸುರುಳಿಗೆ ಸುರುಳಿ ಜೋಡಿಸುವುದೇ ಹಾಗೆ. ಕೈ ಮರೆತಿರಲಿಲ್ಲ ಎಂದು ಅವಳಿಗೆ ಹೆಮ್ಮೆಯೋ ಹೆಮ್ಮೆ.

ಸಂಜೆ ಆರಕ್ಕೆ ಅಡುಗೆಮನೆಯ ಸ್ವಿಚ್ಚು ಒತ್ತಿದಳು. ಎರಡು ಬಲ್ಬೂ ಉರಿದವು, ಉರಿದವು ಅನ್ನಬೇಕು ಅಷ್ಟೇ. ಬಲ್ಬಿನೊಳಗಿನ ಎಳೆ ಕೆಂಪಗಾಗಿ ಕೂತಿತ್ತು. ಕಾಳು ಯಾವುದು ಕಲ್ಲು ಯಾವುದು ಕಾಣದು.

"ಏನಿದು ಕರೆಂಟು, ನಮ್ಮ ಮನೆಗೆ ಮಾತ್ರ ವೋಲ್ಟೇಜಿಲ್ವಾ?" ಅಂದರು ಯಜಮಾನರು. ತಮ್ಮ ಕೋಣೆಯ ದೀಪ ಝಗಝಗಿಸುತ್ತಿದ್ದರೂ ಫೋನ್ ಎತ್ತಿ ಕರೆಂಟ್ ಆಫೀಸಿನವನನ್ನು ಅರ್ಧ ಗಂಟೆ ತರಾಟೆಗೆ ತೆಗೆದುಕೊಂಡರು. ಪಾಪ, ಅವನೇನು ಮಾಡಿದ್ದ? ಏಳೂವರೆಗೆ ಅವರ ಕೋಣೆಯಿಂದ ಟಕ್ ಎಂದಾಗ ಅತ್ತೆ ಇಲ್ಲಿ ತನ್ನ ಸ್ವಿಚ್ಚು ಆರಿಸಿ, ಒಲೆಯ ಬೆಳಕಿನಲ್ಲಿ ಅಡುಗೆ ಮುಗಿಸಿದಳು. ಗುಟ್ಟು ಉಳಿಯಿತು, ಆದರೆ ತಾರೀಖು ಮೂವತ್ತಾಗಿತ್ತು.

ಮರುದಿನ ಬೆಳಿಗ್ಗೆ ಕರೆಂಟ್ ಸಾಮಾನಿನ ಅಂಗಡಿಗೆ ಹೋಗಿ ಎಲ್ಲ ವಿವರಿಸಿದಳು. ಅಂಗಡಿಯವಳು ಕೇಳಿ ಕೇಳಿ ನಕ್ಕಳು.

"ಅಮ್ಮಾ, ನೀವು ಮನೇನ ಮೋಟರ್ ಮಾಡಿದ್ದೀರಿ. ಒಂದು ಬಲ್ಬು ತಿಂದು ಉಳಿದದ್ದು ಇನ್ನೊಂದಕ್ಕೆ. ಎರಡಕ್ಕೂ ಅರೆಹೊಟ್ಟೆ."

"ಮತ್ತೆ?"

"ಲೈಟಂದ್ರೆ ಒಂದೊಂದಕ್ಕೂ ಅದರದೇ ಪೂರ್ತಿ ಪಾಲು ಬೇಕು. ಹೊರಗೆ ಕಪ್ಪು ತಂತಿ ಬಿಚ್ಚಿದ್ದೀರಲ್ಲ, ಅದೇ ನ್ಯೂಟ್ರಲ್ಲು, ಕರೆಂಟು ವಾಪಸ್ ಹೋಗೋ ದಾರಿ. ಅದನ್ನ ವಾಪಸ್ ಹಾಕಿ, ಅಡುಗೆಮನೆ ಬಲ್ಬಿನ ತಂತಿನೂ ಮೊದಲಿನ ಹಾಗೇ ಸೇರಿಸಿ. ಖಾಲಿ ಸ್ವಿಚ್ಚಿಗೆ ಪಕ್ಕದ ಸ್ವಿಚ್ಚಿಂದ ಫೇಸ್ ಕೊಟ್ಟು ಒಂದೇ ಒಂದು ತಂತಿ ಹೊರಗೆ ಎಳೀರಿ. ಕೆಂಪು ತಂತಿ ಟೇಪ್ ಸುತ್ತಿ ಹಾಗೇ ಬಿಡಿ."

"ಆ ಕೆಂಪು ಯಜಮಾನರ ಸ್ವಿಚ್ಚಿಂದ ಬರೋದು."

"ಒತ್ತಿಕೊಳ್ಳಲಿ ಬಿಡಿ, ಬೆರಳಿಗೆ ವ್ಯಾಯಾಮ."

ಒಂದನೇ ತಾರೀಖು ಹನ್ನೊಂದಕ್ಕೆಲ್ಲ ಕೆಲಸ ಮುಗಿಯಿತು. ಅಡುಗೆಮನೆಯ ದೀಪ ಅದರಷ್ಟಕ್ಕೆ, ಹೊರಗಿನದು ಅದರಷ್ಟಕ್ಕೆ. ಟೆಸ್ಟರ್ ಇಟ್ಟು ಎರಡೆರಡು ಸಲ ನೋಡಿದಳು. ಆರು ಗಂಟೆಗೆ ಖಾಲಿ ಸ್ವಿಚ್ಚಾಗಿದ್ದದ್ದನ್ನು ಒತ್ತಿದಾಗ ಮೆಟ್ಟಿಲು, ಗೇಟು, ಎದುರಿನ ರಸ್ತೆಯ ಅರ್ಧದವರೆಗೂ ಬೆಳಕು ಚೆಲ್ಲಿತು.

ಏಳೂವರೆಗೆ ಕೋಣೆಯಿಂದ ಟಕ್ ಎಂದಿತು. ಸ್ವಲ್ಪ ತಡೆದು ಮತ್ತೆ ಟಕ್, ಟಕ್. ಯಜಮಾನರು ಹೊರಗೆ ಹೋಗಿ ಬಲ್ಬು ನೋಡಿದರು, ಒಳಗೆ ಬಂದು ಸ್ವಿಚ್ಚು ನೋಡಿದರು, ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಯಾರು ಮುಟ್ಟಿದ್ದು ವೈರಿಂಗು?"

"ನಾನು."

"ಯಾರನ್ನ ಕೇಳಿ?"

"ಮೂವತ್ತನಾಲ್ಕು ವರ್ಷ ಎಲ್ಲಕ್ಕೂ ನಿಮ್ಮನ್ನೇ ಕೇಳಿದ್ದೀನಿ. ಇದೊಂದಕ್ಕೆ ಕೇಳಲಿಲ್ಲ."

ಅವರು ಬೋರ್ಡಿನ ಕಡೆ ಕೈ ಚಾಚಿದರು. ಅತ್ತೆ ಬೋರ್ಡಿಗೆ ಬೆನ್ನು ಕೊಟ್ಟು ನಿಂತಳು. ನಿಂತಲ್ಲಿಂದ ಕದಲಲಿಲ್ಲ.

"ಇದು ಆರೋದು ಅವಳು ಒಳಗೆ ಬಂದ ಮೇಲೆ. ಆರಿಸೋದೂ ನಾನೇ."

"ಉರಿಸ್ಕೋ. ಬಾಗಿಲಿನ ಚಿಲಕ ನನ್ನ ಕೈಯಲ್ಲಿದೆ," ಅಂದರು ಯಜಮಾನರು.

ಅವರು ಮುಂದಿನ ಬಾಗಿಲ ಕಡೆ ತಿರುಗುವಷ್ಟರಲ್ಲಿ ಅತ್ತೆ ಅವರನ್ನು ದಾಟಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. "ಈಗ ಹಾಕಿ ಚಿಲಕ," ಅಂದಳು. ಯಜಮಾನರು ಹಾಕಿಯೇಬಿಟ್ಟರು. ಮಾತಿಗೆ ತಪ್ಪುವವರಲ್ಲ.

ಇಷ್ಟು ವರ್ಷ ಆ ಮೆಟ್ಟಿಲ ಮೇಲೆ ಯಾರು ನಿಂತರು, ಎಷ್ಟು ಹೊತ್ತು ನಿಂತರು ಎಂಬುದು ಬೀದಿಯವರಿಗೆ ಗೊತ್ತಾದದ್ದೇ ಇಲ್ಲ. ಕತ್ತಲೆ ಎಲ್ಲವನ್ನೂ ಮುಚ್ಚಿಟ್ಟಿತ್ತು, ಯಜಮಾನರ ಮರ್ಯಾದೆಯನ್ನೂ. ಈಗ ಅಂಗಡಿ ಮುಚ್ಚಿ ಹೋಗುತ್ತಿದ್ದ ಕ್ಷೌರಿಕ ಸೈಕಲ್ ನಿಲ್ಲಿಸಿದ.

"ಏನಮ್ಮ, ಹೊರಗೆ ಕೂತಿದ್ದೀರಿ?"

"ಯಜಮಾನರು ಒಳಗಿಂದ ಚಿಲಕ ಹಾಕಿದ್ದಾರೆ," ಅಂದಳು ಅತ್ತೆ, ಒಳಗಿನವರಿಗೂ ಚೆನ್ನಾಗಿ ಕೇಳುವ ಹಾಗೆ.

ಆಮೇಲೆ ಎದುರುಮನೆಯ ಟೀಚರು ಕಿಟಕಿ ತೆಗೆದು ಕೇಳಿದರು. ಅವರಿಗೂ ಅದೇ ಉತ್ತರ. ವಾಕಿಂಗ್ ಮುಗಿಸಿ ಬರುತ್ತಿದ್ದ ಮೂವರು ಗೇಟಿನ ಹತ್ತಿರ ನಿಂತೇಬಿಟ್ಟರು. ಅವರಲ್ಲೊಬ್ಬ ಯಜಮಾನರ ಹಳೆಯ ಕಾರ್ಖಾನೆಯವನೇ. ಅತ್ತೆ ಮೂವರಿಗೂ ವಿವರವಾಗಿ ಹೇಳಿದಳು, ಒಂದು ಮಾತು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಅನ್ನುತ್ತಾರೆ. ಹತ್ತು ನಿಮಿಷಕ್ಕೆ ಚಿಲಕ ಸರಿದ ಸದ್ದಾಯಿತು.

"ಒಳಗೆ ಬಾ. ಜನ ನೋಡ್ತಿದ್ದಾರೆ."

"ನೋಡಲಿ. ಅವಳು ಬರಲಿ, ಒಟ್ಟಿಗೆ ಬರ್ತೀವಿ."

ಯಜಮಾನರು ತೆರೆದ ಬಾಗಿಲಲ್ಲೇ ನಿಂತರು. ಹಾಕುವ ಹಾಗಿಲ್ಲ, ಬಿಟ್ಟು ಹೋಗುವ ಹಾಗಿಲ್ಲ.

ಎಂಟೂ ಕಾಲಿಗೆ ಸೊಸೆ ತಿರುವಿನಲ್ಲಿ ಕಾಣಿಸಿದಳು. ಆ ಹೊತ್ತಿನಲ್ಲಿ ಎಂದೂ ಉರಿಯದ ದೀಪ ಉರಿಯುತ್ತಿದೆ, ಬಾಗಿಲು ಹಾರುಹೊಡೆದಿದೆ, ಗೇಟಿನಲ್ಲಿ ಜನ. ಅವಳು ಬ್ಯಾಗನ್ನು ಎದೆಗೆ ಅವಚಿಕೊಂಡು ಓಡುತ್ತಾ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನಾಯ್ತು ಅತ್ತೆ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಕಣೇ," ಅಂದಳು ಅತ್ತೆ, ಮಂಡಿಗೆ ಕೈಯೂರಿ ಏಳುತ್ತಾ. "ನೀನು ಕೆಲಸ ಮುಗಿಸಿ ಮನೆಗೆ ಬಂದೆ, ಅಷ್ಟೇ."