ಎರಡು ಟವರ್ ಸ್ಪೀಕರುಗಳ ನಡುವಿನ ಕುರ್ಚಿ

ಹರ್ಷಿತ ಏನು ಕೆಲಸ ಮಾಡುತ್ತಾಳೆ ಎಂದು ನೆಂಟರು ಕೇಳಿದರೆ ಹೇಳುವುದಕ್ಕೆ ನನಗೆ ಬಹಳ ದಿನ ಬರುತ್ತಿರಲಿಲ್ಲ. ಮನೆಗಳಿಗೆ ಹೋಂ ಥಿಯೇಟರ್ ಕೂರಿಸುತ್ತಾಳೆ ಎಂದರೆ, ಓ, ವೈರಿಂಗ್ ಕೆಲಸವಾ, ಎನ್ನುತ್ತಿದ್ದರು. ವೈರು ಎಳೆಯುವುದು, ಗೋಡೆ ಕೊರೆಯುವುದು ಯಾರಾದರೂ ಮಾಡುತ್ತಾರೆ. ನನ್ನ ಮಗಳ ಕೆಲಸ ಕೂತು ಕೇಳುವುದು. ಈ ಕೋಣೆಗೆ ಯಾವ ಸ್ಪೀಕರು ಹೊಂದುತ್ತದೆ, ಗೋಡೆಯಿಂದ ಎಷ್ಟು ದೂರ ನಿಲ್ಲಿಸಬೇಕು, ಮುಖ ಎಷ್ಟು ಓರೆ ಮಾಡಬೇಕು, ಇದನ್ನೆಲ್ಲ ಅವಳು ಕಿವಿಯಿಂದ ನಿರ್ಧರಿಸುತ್ತಿದ್ದಳು. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಹೊಸ ಮನೆ ಕಟ್ಟಿದವರು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು.

ಆ ಕಿವಿ ಅವಳಿಗೆ ಬಂದದ್ದು ಡಿಪ್ಲೊಮಾ ಓದಿದ್ದರಿಂದ ಅಲ್ಲ. ನಮ್ಮದು ಮರಗೆಲಸದ ಮನೆ. ತೊಲೆಗೆ ಮರ ಆರಿಸುವಾಗ ನಮ್ಮ ಮಾವನವರ ಕಾಲದಿಂದಲೂ ಇಬ್ಬರು ಬೇಕು. ಒಬ್ಬರು ಈ ತುದಿಯಲ್ಲಿ ಕೊಡತಿಯಿಂದ ತಟ್ಟುತ್ತಾರೆ, ಇನ್ನೊಬ್ಬರು ಆ ತುದಿಗೆ ಕಿವಿ ಹಚ್ಚಿ ಕೂರುತ್ತಾರೆ. ಒಳಗೆ ಪೊಳ್ಳಿದ್ದರೆ, ಸೀಳಿದ್ದರೆ ಕಿವಿ ಇಟ್ಟವರಿಗೆ ತಿಳಿಯುತ್ತದೆ. ತಟ್ಟಿದವರಿಗೆ ಏನೂ ತಿಳಿಯುವುದಿಲ್ಲ. ಕಿವಿ ಇಟ್ಟವರು ಬೇಡ ಎಂದರೆ ಎಷ್ಟೇ ಚೆಂದದ ಮರವಾದರೂ ಬಿಟ್ಟು ಬರಬೇಕು, ಎರಡನೇ ಮಾತಿಲ್ಲ. ಹರ್ಷಿತ ಏಳು ವರ್ಷದವಳಾಗಿದ್ದಾಗಿನಿಂದ ಅವರಪ್ಪ ನಾಗರಾಜರು ತಟ್ಟುವುದು, ಇವಳು ಕಿವಿ ಇಡುವುದು. ಲಂಗ ಮುದುರಿಕೊಂಡು ಮರದ ಪಕ್ಕ ಕೂತು, ಕಣ್ಣು ಮುಚ್ಚಿ, "ಬ್ಯಾಡ ಕಣಪ್ಪ, ಇದ್ರೊಳಗೆ ಯಾರೋ ಕೆಮ್ತಾವ್ರೆ" ಎನ್ನುತ್ತಿದ್ದಳು. ಮರದ ಮಿಲ್ಲಿನವರೆಲ್ಲ ನಗುತ್ತಿದ್ದರು. ಕೊಯ್ದಾಗ ಸೀಳು ಇದ್ದೇ ಇರುತ್ತಿತ್ತು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಎದ್ದವಳು, "ಅಮ್ಮ, ಎಡಗಿವಿ ಮುಚ್ಕೊಂಡಂಗಾಗದೆ, ಗುಂಯ್ ಅಂತದೆ" ಅಂದಳು. ಬೆಳ್ಳುಳ್ಳಿ ಹಾಕಿ ಎಣ್ಣೆ ಬೆಚ್ಚಗೆ ಮಾಡಿ ಬಿಟ್ಟೆ. ನಾಲ್ಕನೇ ದಿನ, ಕೇಳಿಸ್ತಾನೇ ಇಲ್ಲ, ಡಾಕ್ಟರ ಹತ್ತಿರ ಹೋಗೋಣ ಎಂದಳು. ಮುಂದಿನ ವಾರ ನಾಗಮಂಗಲದಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹುಡುಗನ ಚಿಕ್ಕಪ್ಪ ನಾವು ಹೋಗಬೇಕಾದ ಆಸ್ಪತ್ರೆಯಲ್ಲೇ ಕೆಲಸದಲ್ಲಿದ್ದವರು. ಹುಡುಗಿಗೆ ಕಿವಿ ಕೇಳಿಸದು ಎಂಬ ಮಾತು ಹುಟ್ಟಿಕೊಂಡರೆ ಏನು ಗತಿ ಎಂದು ನನಗೆ ದಿಗಿಲು. ಅವರು ನೋಡಿಕೊಂಡು ಹೋಗಲಿ ಕಂದ, ಆಮೇಲೆ ಹೋಗೋಣ, ಅಂದೆ. ಅವಳು ಕೇಳಿದಳು. ನನ್ನ ಮಾತನ್ನು ಯಾವಾಗಲೂ ಕೇಳುತ್ತಿದ್ದಳು.

ಅವರು ಬಂದರು, ಉಪ್ಪಿಟ್ಟು ಕೇಸರಿಬಾತು ತಿಂದರು, ಫೋನ್ ಮಾಡುತ್ತೇವೆ ಎಂದು ಹೋದರು. ಮಾಡಲಿಲ್ಲ. ನಾವು ಆದಿಚುಂಚನಗಿರಿ ಆಸ್ಪತ್ರೆಗೆ ಹೋದದ್ದು ಹದಿನೇಳನೆಯ ದಿನ. ಅಲ್ಲಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ಇದು ಕಿವಿಯ ನರದ ತೊಂದರೆ, ಮೊದಲ ವಾರವೇ ಬಂದಿದ್ದರೆ ಮಾತ್ರೆಗೆ ಬಗ್ಗುವ ಸಾಧ್ಯತೆ ಹೆಚ್ಚಿತ್ತು, ಎಂದರು. ಮಾತ್ರೆ ಕೊಟ್ಟರು, ಇಂಜೆಕ್ಷನ್ನೂ ಆಯಿತು. ಎಡಗಿವಿ ತಿರುಗಿ ಬರಲಿಲ್ಲ. ಹರ್ಷಿತ ಅದಕ್ಕಾಗಿ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

ಐದು ತಿಂಗಳು ಅವಳು ಯಾವ ಕೆಲಸವನ್ನೂ ಒಪ್ಪಿಕೊಳ್ಳಲಿಲ್ಲ. ಕೊನೆಗೆ ಸ್ಪೀಕರ್ ಮಾರುವ ಚಿಕ್ಕಸ್ವಾಮಿ ಫೋನ್ ಮಾಡಿದ. ಕೆ.ಆರ್. ಪೇಟೆಯಲ್ಲಿ ಶಿವಶಂಕರ್ ಎಂಬವರು ಮನೆ ಕಟ್ಟಿದ್ದಾರೆ, ಮಹಡಿಯ ಮೇಲೆ ಥಿಯೇಟರ್ ರೂಮು ಮಾಡಿಸಿದ್ದಾರೆ, ನೆಲದ ಮೇಲೆ ನಿಲ್ಲುವ ಟವರ್ ಸ್ಪೀಕರೇ ಬೇಕಂತೆ, ಎರಡು ಜೋಡಿ ತಂದು ಇಡುತ್ತೇನೆ, ಯಾವುದು ಎಂದು ನೀನೇ ಬಂದು ಹೇಳಬೇಕು, ಅಂದ.

ನಾನು ಕಡಲೆಕಾಯಿ ಸುಲಿಯುತ್ತಿದ್ದೆ. ಅವಳು ಬಂದು ಎದುರಿಗೆ ಕೂತು ತಾನೂ ಒಂದೊಂದೇ ಕಾಯಿ ಸುಲಿಯುತ್ತ ಹೇಳಿದಳು.

"ಅಮ್ಮ, ನೀನು ನಂಜೊತೆ ಬರ್ಬೇಕು."

"ನಾನ್ ಬಂದು ಏನ್ಮಾಡ್ಲಿ ಮಗ?"

"ದನಿ ಒರಟೋ ನಯವೋ, ಬೇಸು ಜಾಸ್ತಿಯೋ ಕಮ್ಮಿಯೋ, ಅದೆಲ್ಲ ಒಂದ್ ಕಿವೀಲೇ ತಿಳೀತದೆ. ಆದ್ರೆ ಹಾಡೋರು ಎಲ್ಲಿ ನಿಂತವ್ರೆ ಅನ್ನೋದು ತಿಳಿಯಾಕೆ ಎರಡು ಕಿವಿ ಬೇಕು. ಎರಡು ಸ್ಪೀಕರೂ ಸರಿಯಾಗಿ ನಿಂತಿದ್ರೆ ದನಿ ಎರಡರಿಂದ್ಲೂ ಬರಲ್ಲ, ನಡುವೆ ಖಾಲಿ ಜಾಗ ಇರ್ತದಲ್ಲ, ಅಲ್ಲಿಂದ ಬರ್ತದೆ. ಅದೊಂದು ನಂಗೀಗ ಕೇಳಿಸಲ್ಲ. ನೀನು ಕುರ್ಚಿ ಮೇಲೆ ಕೂತು ಕೈ ತೋರ್ಸು, ಸಾಕು."

"ನಿಮ್ಮಪ್ಪನ್ನ ಕರ್ಕೊಂಡೋಗು. ಅವ್ರಿಗೆ ಇದೆಲ್ಲ ಗೊತ್ತಾಯ್ತದೆ."

"ಅಪ್ಪನ ಕಿವಿ ಮಿಷನ್ ಸದ್ದಿಗೆ ಯಾವತ್ತೋ ಹೋಗದೆ. ಟೀವಿ ಎಷ್ಟು ಜೋರು ಇಟ್ಕೋತದೆ ನೋಡಿಲ್ವಾ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಇದೊಂದು ಮನೆ ಸರಿಯಾಗ್ ಆಗ್ಲಮ್ಮ. ಅದಾದ್ರೆ ನಾನು ಈ ಕೆಲಸ ಬಿಡಲ್ಲ. ಇಬ್ರೂ ಸೇರ್ಕೊಂಡು ಮಾಡ್ಬೋದು. ನಾನು ತಟ್ತೀನಿ, ನೀನು ಕಿವಿ ಇಡು" ಎಂದಳು.

ಕಿವಿಯ ವಿಷಯ ಅಲ್ಲಿ ಯಾರಿಗೂ ತಿಳಿಯುವುದು ಬೇಡ ಎಂದೆ. ಆಗಲಿ ಎಂದಳು.

ಶಿವಶಂಕರರ ಮನೆಯಲ್ಲಿ ನಾವು ಮಹಡಿ ಹತ್ತುವ ಹೊತ್ತಿಗೆ ಚಿಕ್ಕಸ್ವಾಮಿ ಎರಡು ಜೋಡಿಯನ್ನೂ ರಟ್ಟಿನ ಡಬ್ಬದಿಂದ ತೆಗೆದು ನಿಲ್ಲಿಸಿದ್ದ. ಒಂದು ಜೋಡಿ ಕಪ್ಪಗೆ ಹೊಳೆಯುತ್ತ ನನ್ನ ಎದೆಯ ಮಟ್ಟಕ್ಕಿತ್ತು. ಇನ್ನೊಂದು ಕಂದು ಬಣ್ಣದ್ದು, ಸಣಕಲು. ಶಿವಶಂಕರ್ ಹಾಲಿನ ವ್ಯವಹಾರದವರು, ದೊಡ್ಡ ದನಿಯವರು.

"ಆ ಕರಿಯವೇ ಇರ್ಲಿ ಕಣವ್ವ. ಬಾಗ್ಲು ತೆಗುದ್ರೆ ಇಬ್ರು ಪೈಲ್ವಾನ್ರು ನಿಂತಂಗೆ ಕಾಣ್ಬೇಕು. ಈ ಕಡ್ಡಿ ಪೈಲ್ವಾನ್ರು ಏನ್ ಕುಸ್ತಿ ಮಾಡಾರು?"

ಅವರ ತಾಯಿ ದೊಡ್ಡತಾಯಮ್ಮ ಸೋಫಾದ ಮೂಲೆಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದರು. "ನಿಮ್ಮಪ್ಪನೂ ಇಂಗೇ ಕಣ್ಲಾ. ನಿನ್ ಮದ್ವೇಲಿ ಗಾತ್ರ ನೋಡಿ ಮೈಕ್‌ಸೆಟ್ ತಂದ. ಅದು ಕೂಗಿದ್ ಏಟ್ಗೆ ಹಸ ಹಗ್ಗ ಕಿತ್ಕಂಡು ಓಡೋಯ್ತು. ಮುಹೂರ್ತದೊತ್ನಲ್ಲಿ ಹಸ ಹುಡುಕ್ಕಂಡು ತಿರುಗ್ತಿದ್ದ ಪುಣ್ಯಾತ್ಮ."

"ಅವ್ವ, ಸುಮ್ಕಿರು ಅತ್ಲಾಗೆ."

ಹರ್ಷಿತ ಎರಡೂ ಜೋಡಿ ಸ್ಪೀಕರಿನ ಪೆಟ್ಟಿಗೆಗಳ ಪಕ್ಕಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ, ಬಲಗಿವಿ ಹತ್ತಿರ ತಂದಳು. "ಸಾರ್, ಈ ಕಪ್ಪು ಪೆಟ್ಟಿಗೆ ತಾನೂ ಹಾಡ್ತದೆ. ಪೆಟ್ಟಿಗೆ ಹಾಡ್ಬಾರ್ದು, ಒಳಗಿರೋದು ಮಾತ್ರ ಹಾಡ್ಬೇಕು" ಎಂದಳು. ಹಾಕಿ ತೋರಿಸಿದಳು ಕೂಡ. ಕಿಟಕಿಯ ಗಾಜು ಗಡಗಡ ಎಂದಿತು, ಮಾತಿನ ಮೇಲೆಲ್ಲ ಗುಡುಗು ಕೂತಿತ್ತು. ಶಿವಶಂಕರ್ ಎದೆ ಮುಟ್ಟಿಕೊಂಡು, "ಅಬ್ಬಬ್ಬಾ, ಇದು ಬ್ಯಾಡ ಬುಡು, ನಂಗೆ ಬಿಪಿ ಅದೆ" ಎಂದರು. ನನ್ನ ಮಗಳು ಐದು ತಿಂಗಳ ಮೇಲೆ ಹಾಗೆ ನಕ್ಕದ್ದನ್ನು ನೋಡಿದೆ. ಇವಳಿಗೆ ಏನೂ ಆಗಿಲ್ಲ, ಎಲ್ಲ ಮೊದಲಿನ ಹಾಗೇ ಇದೆ, ಎಂದುಕೊಂಡುಬಿಟ್ಟೆ.

ಆಮೇಲೆ ಕಂದು ಜೋಡಿ. ಟೇಪು ಹಿಡಿದು ಗೋಡೆಯಿಂದ ಅಳೆದಳು, ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದಳು, ಎರಡಕ್ಕೂ ಸಮ ದೂರದಲ್ಲಿ ಒಂದು ಕುರ್ಚಿ ಇಟ್ಟಳು. ಒಬ್ಬ ಹೆಂಗಸು ತಂಬೂರಿಯೊಂದನ್ನೇ ಇಟ್ಟುಕೊಂಡು ಹಾಡುವ ಹಾಡು ಹಾಕಿದಳು. ಕೂತಳು. ಕಣ್ಣು ಮುಚ್ಚಿದಳು. ಮುಖ ಮೆಲ್ಲಗೆ ಬಲಕ್ಕೆ ವಾಲಿತು. ಮತ್ತೆ ನೆಟ್ಟಗೆ ಮಾಡಿಕೊಂಡಳು. ಮತ್ತೆ ವಾಲಿತು.

ಎದ್ದು ಬಂದು ನನ್ನನ್ನು ಕೂರಿಸಿದಳು. ಯಾರಿಗೂ ಕೇಳಿಸದ ಹಾಗೆ, "ನಂಗೆ ಬರೀ ಬಲಗಡೆಯಿಂದ್ಲೇ ಬರ್ತಾ ಅದೆ. ನಿಂಗೂ ಅಂಗೇ ಬಂದ್ರೆ ಜೋಡಣೇದೇ ತಪ್ಪು ಅಂತ. ನಡುವೆ ಬಂದ್ರೆ ನನ್ ಕಿವಿ ಅಂತ" ಎಂದಳು.

ನಾನು ಕೂತೆ. ಅಂಥದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಎರಡು ಪೆಟ್ಟಿಗೆಯೂ ಬಾಯಿ ಮುಚ್ಚಿಕೊಂಡು ನಿಂತ ಹಾಗಿತ್ತು. ನಟ್ಟನಡುವೆ, ಏನೂ ಇಲ್ಲದ ಗೋಡೆಯ ಮುಂದೆ, ಆ ಹೆಂಗಸು ನಿಂತಿದ್ದಳು. ಅವಳು ಉಸಿರು ತೆಗೆದುಕೊಂಡದ್ದೂ ಕೇಳಿಸಿತು. ಇದನ್ನು ನನ್ನ ಮಗಳು ಎಷ್ಟು ಮನೆಗಳಲ್ಲಿ, ಎಷ್ಟು ಸಲ, ಒಬ್ಬಳೇ ಕೂತು ಕೇಳಿದ್ದಳು. ಇನ್ನು ಯಾವತ್ತೂ ಕೇಳುವುದಿಲ್ಲ. ಅವಳು ನನ್ನ ಮುಂದೆ ಮಂಡಿಯೂರಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ನಡುವೆ ತೋರಿಸಿದರೆ, ಅವಳ ಕಿವಿಯನ್ನು ಎರಡನೇ ಸಲವೂ ನಾನೇ ಕಳೆದ ಹಾಗೆ.

"ಬಲಗಡೆ," ಎಂದೆ. ಕೈಯನ್ನೂ ಬಲಕ್ಕೆ ತೋರಿಸಿದೆ.

ಅವಳ ಮುಖ ಅರಳಿತು. "ಅಂಗಾದ್ರೆ ಜೋಡಣೆ!" ಎಂದು ಎದ್ದಳು.

ಅಲ್ಲಿಂದ ಎರಡು ಗಂಟೆ ಹೊತ್ತು ಅವಳು ಪಟ್ಟ ಪಾಡು ಹೇಳಲಾರೆ. ವೈರು ಬಿಚ್ಚಿ ಮತ್ತೆ ಹಾಕಿದಳು. ಬೇರೆ ವೈರು ತಂದಳು. ಎರಡನ್ನೂ ಚಿಕ್ಕಸ್ವಾಮಿಯ ಜೊತೆ ಹೊತ್ತು ಗೋಡೆಯಿಂದ ಮುಂದಕ್ಕೆ, ಮತ್ತೆ ಹಿಂದಕ್ಕೆ ಇಟ್ಟಳು. ಪ್ರತಿ ಸಲವೂ ನನ್ನನ್ನು ಕೂರಿಸಿದಳು. ಪ್ರತಿ ಸಲವೂ ನಾನು ಬಲಕ್ಕೆ ಕೈ ತೋರಿಸಿದೆ. ಒಂದು ಸಲ ಹೇಳಿದ್ದನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದು ಎಂದು ನನಗೆ ತಿಳಿಯಲಿಲ್ಲ. ಬೆವರಿಗೆ ಅವಳ ಕುಪ್ಪಸ ಬೆನ್ನಿಗೆ ಅಂಟಿತ್ತು. ಶಿವಶಂಕರ್ ಎರಡು ಸಲ ಗಡಿಯಾರ ನೋಡಿದರು.

ಕೊನೆಗೆ ಹರ್ಷಿತ ಎದ್ದು ನಿಂತು ಹೇಳಿಬಿಟ್ಟಳು: "ಸಾರ್, ಈ ಜೋಡೀಲಿ ಒಂದು ಕೆಟ್ಟಿದೆ. ಇದನ್ನ ಇಟ್ಕೋಬೇಡಿ. ಚಿಕ್ಕಸ್ವಾಮಣ್ಣ, ವಾಪಸ್ ತಗೊಂಡೋಗಿ."

ಚಿಕ್ಕಸ್ವಾಮಿಯ ಮುಖ ಕೆಂಪಾಯಿತು. "ಏನವ್ವ ನೀನು ಹೇಳೋದು? ಬೆಳಿಗ್ಗೆ ಅಂಗಡೀಲಿ ನಾನೇ ಹಾಕಿ ಕೇಳಿವ್ನಿ. ಎಂಟು ವರ್ಸದಿಂದ ಇದೇ ಕೆಲ್ಸ ಮಾಡ್ತಾವ್ನಿ, ಕೆಟ್ಟ ಮಾಲು ತಂದು ಇವ್ರ ಮನೇಲಿ ಇಡ್ತೀನಾ? ಪಾರ್ವತಕ್ಕ, ನೀವಾದ್ರೂ ಹೇಳಿ."

ನಾನು ಸೆರಗಿನ ತುದಿ ಹಿಡಿದು ನಿಂತಿದ್ದೆ.

"ತಡೀರ್ಲಾ, ಏನ್ ಪಂಚಾಯ್ತಿ ಇದು," ಎಂದು ದೊಡ್ಡತಾಯಮ್ಮ ಎದ್ದು ಬಂದು ಕುರ್ಚಿಯ ಮೇಲೆ ಕೂತರು. "ಹಾಕು ಕೂಸೆ, ನಾನೂ ಕೇಳ್ತೀನಿ."

ಹರ್ಷಿತ ಹಾಡು ಹಾಕಿದಳು. ದೊಡ್ಡತಾಯಮ್ಮ ಅಗಿಯುವುದನ್ನು ನಿಲ್ಲಿಸಿದರು.

"ಅಲ್ಲೇ ನಿಂತವ್ಳಲ್ಲ, ನಟ್ಟನಡುವೆ," ಎಂದರು, ಖಾಲಿ ಗೋಡೆಯ ಕಡೆ ಕೈ ಚಾಚಿ. "ಎಷ್ಟ್ ಚೆಂದಾಗ್ ಹಾಡ್ತಾವ್ಳೆ. ಅದ್ಯಾಕ್ ಎರಡು ಗಂಟೆಯಿಂದ ಹುಡುಕ್ತಿದ್ದೀರಿ, ಕಣ್ ಕಾಣಕಿಲ್ವಾ ನಿಮ್ಗೆ?"

"ನೋಡವ್ವ!" ಎಂದ ಚಿಕ್ಕಸ್ವಾಮಿ.

ಹರ್ಷಿತ ಅವನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದಳು.

"ಅಮ್ಮ?"

"ನಡುವೇನೇ ಕೇಳಿಸ್ತು ಮಗ."

"ಮೊದ್ಲೂನಾ?"

"ಮೊದ್ಲೂ."

"ಅಷ್ಟ್ ಸಲಾನೂ?"

ನಾನು ತಲೆಯಾಡಿಸಿದೆ. ಹಾಡು ಇನ್ನೂ ಮುಗಿದಿರಲಿಲ್ಲ. ಅವಳೇ ಹೋಗಿ ನಿಲ್ಲಿಸಿದಳು. ಆಮೇಲೆ ಶಿವಶಂಕರರ ಮುಂದೆ ಕೈ ಕಟ್ಟಿ ನಿಂತು ಮೆಲ್ಲಗೆ ಹೇಳಿದಳು. "ಸಾರ್, ಸ್ಪೀಕರ್ ಸರಿಯಾಗಿವೆ. ಈ ಕಂದು ಜೋಡೀನೇ ಇಟ್ಕೊಳ್ಳಿ, ನಿಮ್ ರೂಮಿಗೆ ಇದಕ್ಕಿಂತ ಒಳ್ಳೇದು ಸಿಗಲ್ಲ. ನಂಗೇ ಎಡಗಿವಿ ಕೇಳಿಸಲ್ಲ. ಮೊದ್ಲೇ ಹೇಳ್ಬೇಕಿತ್ತು, ತಪ್ಪಾಯ್ತು. ಚಿಕ್ಕಸ್ವಾಮಣ್ಣ, ನಿಮ್ ಮಾಲಿಗೆ ಅಂದ್ಬುಟ್ಟೆ, ಮನಸ್ಸಿಗೆ ತಗೋಬೇಡಿ."

ಶಿವಶಂಕರರ ದೊಡ್ಡ ದನಿ ಎಲ್ಲೋ ಹೋಗಿತ್ತು. "ಅಯ್ಯೋ, ಬುಡವ್ವ, ಅದ್ಕ್ಯಾಕೆ," ಎಂದರು. ಚಿಕ್ಕಸ್ವಾಮಿ ನೆಲ ನೋಡುತ್ತ ವೈರು ಸುತ್ತಿದ. ದೊಡ್ಡತಾಯಮ್ಮ ಕೆಳಗೆ ಹೋಗಿ ಎರಡು ಲೋಟ ಮಜ್ಜಿಗೆ ಕಳಿಸಿದರು.

ಗೇಟಿನ ಹತ್ತಿರ ಚಿಕ್ಕಸ್ವಾಮಿ ನಮ್ಮ ಹಿಂದೆಯೇ ಬಂದ. ಒಳ್ಳೆಯ ಮನುಷ್ಯ. "ಹರ್ಷಿತ, ಕೆಲ್ಸ ಬುಡ್ಬೇಡ ಕಣವ್ವ. ನಿನ್ನಂಗೆ ಪೆಟ್ಟಿಗೆ ತಟ್ಟಿ ಹೇಳೋರು ಈ ಕಡೆ ಇನ್ಯಾರವ್ರೆ? ಶ್ರೀರಂಗಪಟ್ಟಣದಲ್ಲಿ ಇನ್ನೊಂದು ಮನೆ ಅದೆ. ನೀನು ಮಿಕ್ಕಿದ್ದು ನೋಡ್ಕೊ, ಕುರ್ಚಿ ಮೇಲೆ ಅವ್ವ ಕೂತು ಹೇಳ್ಲಿ. ಅವ್ರ ಎರಡು ಕಿವೀನೂ ಚೆನ್ನಾಗವಲ್ಲ."

ಹರ್ಷಿತ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಇಲ್ಲಣ್ಣ. ನಮ್ಮಮ್ಮಂಗೆ ನನ್ ಮೇಲೆ ಪ್ರೀತಿ ಜಾಸ್ತಿ. ಅವ್ಳು ಹೇಳಿದ್ದನ್ನ ನಾನು ನಂಬಕ್ಕಾಗಲ್ಲ. ಬೇರೆಯೋರನ್ನ ನೋಡ್ಕೊಳ್ಳಿ."

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ನಾನು ಅವಳ ಎಡಗಡೆ ಕೂರಬೇಕಾಯಿತು. ಆಚೆ ಸಾಲಿನ ಕಿಟಕಿ ಸೀಟೂ ಖಾಲಿಯಿತ್ತು, ಅಲ್ಲಿ ಅವಳು ಕೂತಿದ್ದರೆ ನಾನು ಬಲಗಡೆ ಇರುತ್ತಿದ್ದೆ. ಅವಳು ಅದನ್ನು ನೋಡಿಯೇ ಇಲ್ಲಿ ಕೂತಳೋ ಏನೋ, ಕೇಳುವ ಧೈರ್ಯ ನನಗಾಗಲಿಲ್ಲ. ಊರು ದಾಟಿ ಗದ್ದೆ ಬಯಲು ಬಂದ ಮೇಲೆ, ತಪ್ಪಾಯ್ತು ಕಂದ, ಎಂದೆ. ಅವಳು ಹೊರಗೆ ನೋಡುತ್ತಿದ್ದಳು. ಇನ್ನೊಂದು ಸಲ ಎಂದೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ನನ್ನ ಮಗಳು ತಿರುಗಲಿಲ್ಲ.