ಶಾಲೆಯ ಮುಂದಿನ ದಾರಿ

ಚಟ್ಟ ಹೆಗಲಿಗೇರಿತ್ತು. ಕೆರೆ ಏರಿಯ ಕಡೆ ಹೊರಟವರಿಗೆ ಅನುಸೂಯಮ್ಮ ಅಡ್ಡ ನಿಂತಳು.

"ಇಸ್ಕೂಲ್ ಮುಂದಿಂದ ಓಗ್ರಪ್ಪಾ."

ಮೈದುನ ಸೊಣ್ಣಪ್ಪ ಕಕ್ಕಾಬಿಕ್ಕಿಯಾದ. "ಅತ್ತಿಗೆ, ಅಣ್ಣ ಆ ದಾರೀನೇ ತುಳೀತಿರ್ಲಿಲ್ವಲ್ಲ?"

"ತುಳೀದಂಗೆ ಮಾಡ್ದೋಳು ನಾನೇ."

ಅದು ಹೆಬ್ಬಗೋಡಿಗೆಲ್ಲ ಗೊತ್ತಿದ್ದ ಸಂಗತಿ. ಶಾಲೆಯ ಮುಂದೆ ನಾಲ್ಕು ಹೆಜ್ಜೆ ಹಾಕಿದರೆ ಬಸ್ಸು ಸಿಗುತ್ತಿತ್ತು. ಆದರೂ ನರಸಪ್ಪ ಮೇಷ್ಟ್ರು ಇಷ್ಟು ವರ್ಷ ಏರಿ ಸುತ್ತಿಕೊಂಡೇ ಹೋದರು. ಹೆಂಡತಿಯನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೊನೆಗಾಲಕ್ಕಾದರೂ ಆ ದಾರಿಯಲ್ಲಿ ಹೋದರೆ ತನ್ನ ಮೇಲಿನ ಮುನಿಸು ತೀರೀತೆಂದು ಅವಳ ಆಸೆ.

*

ಎಪ್ಪತ್ತೈದನೇ ಇಸವಿಯ ಶಾಲೆ ವಾರ್ಷಿಕೋತ್ಸವ. ಆಡಳಿತ ಮಂಡಳಿಯವರು ಸಂಬಳವನ್ನು ಮುಂದಕ್ಕೆ ತಳ್ಳಿ ತಳ್ಳಿ, ಕೊನೆಗೆ ಮೇಷ್ಟ್ರನ್ನು ವೇದಿಕೆ ಹತ್ತಿಸಿ, ಆದರ್ಶ ಶಿಕ್ಷಕ ಎಂದು ಶಾಲು ಹೊದಿಸಿ ಕಳಿಸಿದರು. ಮೇಷ್ಟ್ರು ಹಿಗ್ಗಿಕೊಂಡು ಮನೆಗೆ ಬಂದರು. ಅನುಸೂಯಮ್ಮ ಅವರ ಅಂಗಿಯ ಸವೆದ ಕಾಲರ್ ಬಿಚ್ಚಿ, ಒಳಮಗ್ಗುಲನ್ನು ಹೊರಗೆ ತಿರುಗಿಸಿ ಹೊಲಿಯುತ್ತಿದ್ದಳು. ಒಲೆ ಹೊತ್ತಿರಲಿಲ್ಲ.

"ಶಾಲು ಬೇಯ್ಸಿ ಆಕ್ಲಾ?" ಎಂದಳು.

ಮೇಷ್ಟ್ರು ಶಾಲು ಮಡಿಸಿಟ್ಟರು. ಮುಂದಿನ ತಿಂಗಳೇ ಶಾಲೆ ಬಿಟ್ಟು ಬೊಮ್ಮನಹಳ್ಳಿಯ ಬಟ್ಟೆ ಫ್ಯಾಕ್ಟರಿಯ ಗೇಟಿಗೆ ವಾಚ್‌ಮನ್ ಆದರು. ಒಂದನೇ ತಾರೀಕಿಗೆ ಸಂಬಳ, ಹಬ್ಬಕ್ಕೆ ಬೋನಸ್. ಮನೆಗೆ ಹೆಂಚು ಬಂತು, ಮೈಗೆ ಖಾಕಿ ಬಂತು. ತಾವೇ ಅಕ್ಷರ ತಿದ್ದಿಸಿದ ಹುಡುಗರ ಊಟದ ಚೀಲ ತಡವಿ ಹೊರಗೆ ಬಿಡುತ್ತಾ ಬಿಡುತ್ತಾ ಮೇಷ್ಟ್ರು ಮಾತು ಕಮ್ಮಿ ಮಾಡಿದರು. ಆಮೇಲೆ ಮಾತೇ ನಿಂತುಹೋಯಿತು.

*

ಶಾಲೆಯ ಎದುರು ಚಟ್ಟ ಇಳಿಸಿದರು. ಅರ್ಧದಾರಿಯಲ್ಲಿ ಇಳಿಸಿ, ಸತ್ತವರ ಕಿವಿಯಲ್ಲಿ ಮೂರು ಸಲ ಹೆಸರು ಕೂಗಿ ಮುಂದೆ ಸಾಗುವುದು ಊರಿನ ವಾಡಿಕೆ; ಹೆಂಗಸರು ಅಲ್ಲಿಂದ ಹಿಂದಿರುಗಬೇಕು. ಸೊಣ್ಣಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಪಕ್ಕಕ್ಕೆ ಸರಿದ. ಅವನ ಬದಲಿಗೆ ಆಂಜಿನಪ್ಪ ಬಗ್ಗಿದ. ಅದೇ ಫ್ಯಾಕ್ಟರಿಯಲ್ಲಿ ಕಟಿಂಗ್ ಮಾಸ್ಟರು, ಮೇಷ್ಟ್ರ ಹಳೇ ಶಿಷ್ಯ. ಗುರುಗಳನ್ನು ಹೆಸರು ಹಿಡಿದು ಹೇಗೆ ಕೂಗುವುದೆಂದು ಅನುಸೂಯಮ್ಮನ ಮುಖ ನೋಡಿದ.

"ಮೇಷ್ಟ್ರೇ ಅಂತ ಕೂಗು ಮಗಾ. ಗಟ್ಟಿಯಾಗಿ."

ಕೂಗಿದ. ಮೂರನೆಯ ಸಲಕ್ಕೆ ದನಿ ಒಡೆಯಿತು. ಅನುಸೂಯಮ್ಮ ಗಂಡನ ತುಟಿಯನ್ನೇ ನೋಡುತ್ತಿದ್ದಳು, ಈಗಲಾದರೂ ಒಂದು ಮಾತು ಬಂದೀತೇನೋ ಎನ್ನುವಂತೆ. ಬರಲಿಲ್ಲ.

ಶಾಲೆಯೊಳಗೆ ಮಗ್ಗಿ ನಿಂತಿತು. ಕೂಗು ಕೇಳಿ ಹೊಸ ಮೇಷ್ಟ್ರು ಜಗಲಿಗೆ ಬಂದರು, ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು. ಹೆಣ ಕಂಡು ಮೆಟ್ಟಿಲಿಳಿದು, ಅನುಸೂಯಮ್ಮನ ಪಕ್ಕದಲ್ಲೇ ಕೈಮುಗಿದು ತಲೆ ತಗ್ಗಿಸಿದರು.

ಬಗ್ಗಿದ ಆ ಕತ್ತನ್ನು ಅನುಸೂಯಮ್ಮ ನೋಡಿದಳು. ಅಂಗಿಯೆಲ್ಲ ಬಣ್ಣ ಹೋಗಿ ಬೆಳ್ಳಗಾಗಿತ್ತು. ಕಾಲರ್ ಮಾತ್ರ ಇನ್ನೂ ಕಡುನೀಲಿ, ಅಂಚಿನುದ್ದಕ್ಕೂ ಕೈಹೊಲಿಗೆ.